ಮಾತಿಲ್ಲದ ಮನುಷ್ಯರು, ಮಾತುಳ್ಳ ಮನುಷ್ಯರು

1968ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ಪ್ಲಾನೆಟ್ ಆಫ್ ದಿ ಏಪ್ಸ್' ಎಂಬ ವೈಜ್ಞಾನಿಕ ಕಥಾಚಿತ್ರದ ಹೆಸರನ್ನು ನಮ್ಮ ವಾಚಕರಲ್ಲಿ ಹಲವರು ಕೇಳಿರಬಹುದು. ನೋಡಿದವರೂ ಕಡಿಮೆ ಇರಲಾರರು. ಆದರೆ ಅದೇ ಹೆಸರಿನಲ್ಲಿ 1974ರಲ್ಲಿ ಅಲ್ಲಿನ ಟೆಲಿವಿಷನ್ನಿನಲ್ಲಿ ಒಂದು ಧಾರಾವಾಹಿ ಬಂದಿತ್ತೆಂಬುದು, ಮೂರೂವರೆ ತಿಂಗಳೂ ತುಂಬುವ ಮೊದಲೇ ಅದು ನಿಂತುಹೋಯಿತೆಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಸೋತದ್ದನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಲೋಕಕ್ಕೆ ಇಲ್ಲವಷ್ಟೆ. ಈಚೆಗೆ ನಾವು ಎರಡನ್ನೂ ಒಂದರ ಬೆನ್ನಿಗೆ ಒಂದರಂತೆ ನೋಡಿದೆವು. ನೋಡುತ್ತ ಹೋದಂತೆ, ಇವೆರಡರ ನಡುವಿನ ನಿಜವಾದ ವ್ಯತ್ಯಾಸ ಪರದೆಯ ಗಾತ್ರದಲ್ಲಾಗಲಿ ಖರ್ಚಿನಲ್ಲಾಗಲಿ ಇಲ್ಲ ಎಂದು ಅನ್ನಿಸತೊಡಗಿತು. ಚಲಚ್ಚಿತ್ರದ ಮನುಷ್ಯರಿಗೆ ಮಾತಿಲ್ಲ. ಧಾರಾವಾಹಿಯ ಮನುಷ್ಯರಿಗೆ ಮಾತಿದೆ. ಈ ಒಂದು ಬದಲಾವಣೆಯಿಂದ ಕಥೆಯ ಅರ್ಥವೇ ಬೇರೆಯಾಗಿದೆ. ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನಮಗೆ ಇದು ಸಣ್ಣ ವಿಷಯವಾಗಿ ಕಾಣಲಿಲ್ಲ.

ಮೂಲಕ್ಕೆ ಹೋದರೆ ಇದು ಫ್ರೆಂಚ್ ಕಾದಂಬರಿ. ಬರೆದವರು ಪಿಯರ್ ಬುಲ್, ಪ್ರಕಟವಾದದ್ದು 1963ರಲ್ಲಿ. ಈ ಮನುಷ್ಯ ಲೇಖಕನಾಗುವುದಕ್ಕೆ ಮುಂಚೆ ಮಲಯ ದೇಶದ ರಬ್ಬರ್ ತೋಟದಲ್ಲಿ ನೌಕರಿಯಲ್ಲಿದ್ದವರು. ರಬ್ಬರ್ ತೋಟವೆಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ: ಮರ ಕೆತ್ತುವವನು ಯಾರು, ಲೆಕ್ಕ ಬರೆಯುವವನು ಯಾರು, ಬಂಗಲೆಯಲ್ಲಿ ಕೂತವನು ಯಾರು ಎಂಬ ಮೇಲುಕೀಳಿನ ಅಂತಸ್ತು ಅಲ್ಲಿ ಕಣ್ಣಿಗೆ ಹೊಡೆಯುವಂತೆ ಇರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬುಲ್ ಅವರು ಇಂಡೋಚೀನದಲ್ಲಿ ಸೆರೆಸಿಕ್ಕಿ ಕಠಿಣ ಸೆರೆವಾಸವನ್ನೂ ಅನುಭವಿಸಿದರು. ಕ್ವಾಯ್ ನದಿಯ ಸೇತುವೆಯ ಪ್ರಸಿದ್ಧ ಕಾದಂಬರಿಯೂ ಅವರದೇ. ಯಜಮಾನನಾಗಿದ್ದವನು ಒಂದು ದಿನ ಬೆಳಗಾಗುವಾಗ ಕೈದಿಯಾದರೆ ಹೇಗಿರುತ್ತದೆಂಬುದನ್ನು ಅವರು ಪುಸ್ತಕ ಓದಿ ಕಲಿತವರಲ್ಲ.

ಅವರ ಕಾದಂಬರಿಯಲ್ಲಿ ಒಂದು ಅಂಶವಿದೆ. ಅದನ್ನು ಚಲಚ್ಚಿತ್ರದವರೂ ಧಾರಾವಾಹಿಯವರೂ ಕೈಬಿಟ್ಟರು. ಕಾದಂಬರಿಯ ನಾಯಕ ಉಲಿಸ್ ಒಬ್ಬ ಪತ್ರಕರ್ತ. ಬೇರೊಂದು ನಕ್ಷತ್ರದ ಸುತ್ತ ಇರುವ ಗ್ರಹದಲ್ಲಿ ಇಳಿದಾಗ ಅಲ್ಲಿ ವಾನರರೇ ಒಡೆಯರು, ಮನುಷ್ಯರು ಕಾಡುಮೃಗಗಳು. ಆ ವಾನರರಿಗೆ ಅವರದೇ ಆದ ಭಾಷೆಯಿದೆ. ಪಂಜರದಲ್ಲಿ ಕೂತ ಉಲಿಸ್ ಆ ಭಾಷೆಯನ್ನು ಕಲಿಯಬೇಕಾಗುತ್ತದೆ. ಜೀರಾ ಎಂಬ ಚಿಂಪಾಂಜಿ ವಿದ್ವಾಂಸೆ ಅವನಿಗೆ ಕಲಿಸುತ್ತಾಳೆ, ಅವನಿಂದ ತಾನೂ ಅವನ ಭಾಷೆಯನ್ನು ಕಲಿಯುತ್ತಾಳೆ. ಕೊನೆಗೆ ವಾನರರ ಮಹಾಸಭೆಯಲ್ಲಿ ಅವನು ಎದ್ದುನಿಂತು ಅವರದೇ ಭಾಷೆಯಲ್ಲಿ ಭಾಷಣ ಮಾಡಿದಾಗಲೇ ಅವನಿಗೆ ಬಿಡುಗಡೆ. ಬಲಾಢ್ಯರ ನಾಡಿನಲ್ಲಿ ತಾನೊಬ್ಬ ಪ್ರಾಣಿಯಲ್ಲವೆಂದು ತೋರಿಸಿಕೊಡಬೇಕಾದರೆ ಅವರ ಭಾಷೆಯಲ್ಲೇ ತೋರಿಸಿಕೊಡಬೇಕು ಎಂಬ ಮಾತು. ಇದರಲ್ಲಿ ಎಷ್ಟು ಕಹಿ ಇದೆ, ಎಷ್ಟು ವಿವೇಕ ಇದೆ ಎಂಬುದನ್ನು ಮನೆಯಲ್ಲಿ ಒಂದು, ಕಚೇರಿಯಲ್ಲಿ ಇನ್ನೊಂದು ಭಾಷೆ ಆಡಿ ಬದುಕುವ ನಮ್ಮ ಓದುಗರು ತಾವೇ ತೂಗಿ ನೋಡಬಹುದು.

ಚಲಚ್ಚಿತ್ರದಲ್ಲಾದರೋ ವಾನರರು ಇಳಿದ ಕ್ಷಣದಿಂದ ಇಂಗ್ಲಿಷನ್ನೇ ಆಡುತ್ತಾರೆ. ಹಾಲಿವುಡ್ಡಿನ ಚಿತ್ರಗಳಲ್ಲಿ ಪ್ರಪಂಚವೆಲ್ಲ ಇಂಗ್ಲಿಷ್ ಆಡುವುದು ಹೊಸತಲ್ಲವಾದ್ದರಿಂದ ಪ್ರೇಕ್ಷಕ ಅದನ್ನು ಪ್ರಶ್ನಿಸುವುದಿಲ್ಲ. ಸ್ವಾರಸ್ಯವೇನೆಂದರೆ, ಕಥೆಯ ಗುಟ್ಟು ಬಯಲಾದ ಮೇಲೆ ಹಿಂದಿರುಗಿ ನೋಡಿದರೆ ಅದೇ ಒಂದು ಸುಳಿವಾಗಿತ್ತು!

ಕಥೆಯನ್ನು ಚುಟುಕಾಗಿ ಹೇಳುವುದಾದರೆ ಹೀಗೆ. ಟೇಲರ್ ಎಂಬ ಗಗನಯಾತ್ರಿ (ನಟ ಚಾರ್ಲ್ಟನ್ ಹೆಸ್ಟನ್) ಮತ್ತು ಸಂಗಡಿಗರ ನೌಕೆ ಒಂದು ಸರೋವರಕ್ಕೆ ಬೀಳುತ್ತದೆ. ನೌಕೆಯ ಗಡಿಯಾರ ಭೂಮಿಯ ಲೆಕ್ಕದಲ್ಲಿ 3978ನೇ ಇಸವಿ ತೋರಿಸುತ್ತಿದೆ. ಬೆಳಕಿನ ವೇಗಕ್ಕೆ ಹತ್ತಿರವಾಗಿ ಹೋದವನಿಗೆ ಕಾಲ ನಿಧಾನವಾಗುತ್ತದೆಂಬ ಐನ್‌ಸ್ಟೈನರ ಸಿದ್ಧಾಂತವೇ ಇದಕ್ಕೆ ಆಧಾರ. ಅವರಿಗೆ ಎರಡು ವರ್ಷವೂ ಆಗಿಲ್ಲ, ಭೂಮಿಗೆ ಎರಡು ಸಾವಿರ ವರ್ಷ ಕಳೆದಿದೆ. ಅಲ್ಲಿ ಹೊಲಕ್ಕೆ ನುಗ್ಗಿ ತಿನ್ನುವ ಮೂಕ ಮನುಷ್ಯರ ಹಿಂಡು ಕಾಣುತ್ತದೆ. ನಮ್ಮ ತೋಟಗಳಿಗೆ ನುಗ್ಗಿ ಸೀಯಾಳ ಕಿತ್ತು ಬಿಸಾಡುವ ಮಂಗಗಳ ಹಿಂಡನ್ನು ನೋಡಿದವರಿಗೆ ಈ ದೃಶ್ಯ ಚೆನ್ನಾಗಿ ಅರ್ಥವಾಗುತ್ತದೆ, ಪಾತ್ರಗಳು ಮಾತ್ರ ಅದಲುಬದಲು. ಅಷ್ಟರಲ್ಲಿ ಕುದುರೆಯೇರಿದ ಗೊರಿಲ್ಲಾಗಳು ಕೋವಿ ಹಿಡಿದು ಬೇಟೆಗೆ ಬರುತ್ತವೆ. ಟೇಲರನ ಕೊರಳಿಗೆ ಗುಂಡು ತಗಲುತ್ತದೆ.

ಈ ಕೊರಳ ಗಾಯವೇ ಚಲಚ್ಚಿತ್ರದ ಪ್ರಾಣ. ಮಾತು ಬಲ್ಲ ಒಬ್ಬನೇ ಮನುಷ್ಯ ಮಾತಾಡಲಾರದೆ ಪಂಜರದಲ್ಲಿ ಬೀಳುತ್ತಾನೆ. ಜೀರಾಳಿಗೆ (ನಟಿ ಕಿಮ್ ಹಂಟರ್) ಅವನ ಕಣ್ಣಿನಲ್ಲಿ ಏನೋ ಇದೆ ಎಂಬ ಗುಮಾನಿ. ಅವನು ನೆಲದ ಮಣ್ಣಿನಲ್ಲಿ ಅಕ್ಷರ ಬರೆಯುತ್ತಾನೆ. ಸಂಗಡ ಇದ್ದ ಮೂಕ ಹೆಣ್ಣು ತಿಳಿಯದೆ ಅದನ್ನು ಕೈಯಿಂದ ಅಳಿಸಿಬಿಡುತ್ತಾಳೆ. ಉಳಿದ ಎರಡಕ್ಷರವನ್ನು ಡಾಕ್ಟರ್ ಝಾಯಸ್ ಎಂಬ ಹಿರಿಯ ಒರಾಂಗುಟಾನ್ ನೋಡುತ್ತಾನೆ, ತಿಳಿದೂ ತಿಳಿದೂ ಬೆತ್ತದ ತುದಿಯಿಂದ ಒರಸಿಹಾಕುತ್ತಾನೆ. ತಿಳಿಯದೆ ಅಳಿಸಿದವಳು ಒಬ್ಬಳು, ತಿಳಿದು ಅಳಿಸಿದವನು ಇನ್ನೊಬ್ಬ. ಒಂದು ಮಾತೂ ಇಲ್ಲದ ಈ ಪುಟ್ಟ ದೃಶ್ಯದಷ್ಟು ನಮ್ಮನ್ನು ಕಲಕಿದ್ದು ಆ ಚಿತ್ರದಲ್ಲಿ ಬೇರೆ ಇಲ್ಲ, ಪ್ರಸಿದ್ಧವಾದ ಆ ಕೊನೆಯ ದೃಶ್ಯವೂ ಅಲ್ಲ.

ಗಾಯ ಮಾಗಿ ಟೇಲರ್ ತಪ್ಪಿಸಿಕೊಂಡು ಓಡಿ, ಬಲೆಗೆ ಸಿಕ್ಕಿ ತಲೆಕೆಳಗಾಗಿ ನೇತಾಡುತ್ತಿರುವಾಗ ಮೊದಲ ಬಾರಿಗೆ ಬಾಯಿಬಿಟ್ಟು ಗದರುತ್ತಾನೆ. ಸುತ್ತ ನಿಂತ ವಾನರರೆಲ್ಲ ಸ್ತಬ್ಧರಾಗುತ್ತಾರೆ. ನಮ್ಮ ಕಡೆಯ ಪುರಾಣದಲ್ಲಿ ವಾನರ ಮಾತಾಡಿದರೆ ಯಾರಿಗೂ ಬೆರಗಿಲ್ಲ. ಕಿಷ್ಕಿಂಧೆಯಲ್ಲಿ ಮೊದಲ ಸಲ ಹನುಮಂತನ ಮಾತು ಕೇಳಿದ ಶ್ರೀರಾಮ ತಮ್ಮನೊಡನೆ ಅವನ ವ್ಯಾಕರಣಶುದ್ಧಿಯನ್ನೇ ಹೊಗಳುತ್ತಾನೆ. ಇಲ್ಲಿ ಅದು ತಿರುಗುಮುರುಗು: ಮನುಷ್ಯ ಮಾತಾಡಿದ್ದೇ ಅಪಚಾರ.

ಅನಂತರ ವಿಚಾರಣೆ. ಮನುಷ್ಯನಿಗೆ ನ್ಯಾಯಾಲಯದಲ್ಲಿ ಹಕ್ಕಿಲ್ಲ, ಆದ್ದರಿಂದ ಅವನು ಆಡುವ ಮಾತು ಮಾತಲ್ಲ, ಕಲಿಸಿಕೊಟ್ಟ ಗಿಳಿಪಾಠ ಎಂದು ತೀರ್ಮಾನ. ಝಾಯಸನು ಏಕಕಾಲಕ್ಕೆ ವಿಜ್ಞಾನ ಮಂತ್ರಿಯೂ ಹೌದು, ಧರ್ಮರಕ್ಷಕನೂ ಹೌದು. ಒಂದೇ ತಲೆಗೆ ಎರಡು ಟೊಪ್ಪಿ. ಈ ದೃಶ್ಯ ಇಷ್ಟು ಹರಿತವಾಗಿರುವುದಕ್ಕೆ ಕಾರಣವಿದೆ. ಚಿತ್ರಕಥೆಯನ್ನು ಮೊದಲು ಬರೆದವರು ರಾಡ್ ಸರ್ಲಿಂಗ್. ತಿದ್ದಿ ಬರೆದವರು ಮೈಕೆಲ್ ವಿಲ್ಸನ್. ಈ ವಿಲ್ಸನ್ 1950ರ ದಶಕದಲ್ಲಿ ಅಮೆರಿಕದಲ್ಲಿ ಕಮ್ಯುನಿಸ್ಟರೆಂಬ ಶಂಕೆಗೆ ಗುರಿಯಾಗಿ ಕರಿಪಟ್ಟಿಗೆ ಸೇರಿದ್ದವರು. ಬುಲ್ ಅವರ ಕ್ವಾಯ್ ಸೇತುವೆಯ ಕಥೆ 1957ರಲ್ಲಿ ಚಲಚ್ಚಿತ್ರವಾದಾಗ ಅದಕ್ಕೂ ಇವರು ಬರೆದಿದ್ದರು. ಆದರೆ ಹೆಸರು ಹಾಕುವಂತಿರಲಿಲ್ಲ. ಚಿತ್ರಕಥೆಯ ಆಸ್ಕರ್ ಬಹುಮಾನ ಬುಲ್ ಅವರ ಹೆಸರಿಗೆ ಹೋಯಿತು! ವಿಲ್ಸನ್ 1978ರಲ್ಲಿ ತೀರಿಕೊಂಡರು. ಆ ಬಹುಮಾನ ಅವರ ಹೆಸರಿಗೆ ಸಂದದ್ದು ಅದಾದ ಮೇಲೆ, 1980ರ ದಶಕದಲ್ಲಿ. ಬಾಯಿ ಕಟ್ಟಿಸಿಕೊಂಡವನೇ ಬಾಯಿ ಕಟ್ಟುವ ನ್ಯಾಯಾಲಯದ ದೃಶ್ಯ ಬರೆದರೆ ಅದು ಹಾಗೆಯೇ ಇರುತ್ತದೆ.

ಕೊನೆಯ ಭಾಗದಲ್ಲಿ ಒಂದು ಗುಹೆ. ಕೊರ್ನೀಲಿಯಸ್ ಎಂಬ ಚಿಂಪಾಂಜಿ ಪುರಾತತ್ವಜ್ಞ ಅಲ್ಲಿ ಹಿಂದೆ ಅಗೆದು ತೆಗೆದ ವಸ್ತುಗಳಲ್ಲಿ ಒಂದು ಮಗುವಿನ ಗೊಂಬೆ. ಮನುಷ್ಯಾಕಾರದ ಆ ಗೊಂಬೆ ಅಮುಕಿದರೆ 'ಮಾಮಾ' ಎನ್ನುತ್ತದೆ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ಈ ಭಾಗ ತೋರಿಸಿದಾಗ ಹಿಂದಿನ ಬೆಂಚಿನವನೊಬ್ಬ "ಗೊಂಬೆ ಅಮ್ಮನ ಬಿಟ್ಟು ಮಾವನ ಯಾಕೆ ಕರೆಯುವುದು ಸಾರ್?" ಎಂದು ಕೇಳಿ ನಗೆಯೆಬ್ಬಿಸಿದ. ಅದು ಅಮ್ಮನನ್ನೇ ಕರೆಯುವುದೆಂದು ಹೇಳಿದ ಮೇಲೆ ಕೋಣೆ ತುಸು ಮೌನವಾಯಿತು. ಮೂಕರಾದ ಮನುಷ್ಯರ ನಾಡಿನಲ್ಲಿ ಮಾತು ಉಳಿದಿರುವುದು ಒಂದು ಗೊಂಬೆಯ ಹೊಟ್ಟೆಯಲ್ಲಿ ಮಾತ್ರ. ಮಾತಾಡುವ ಮನುಷ್ಯಗೊಂಬೆಯನ್ನು ವಾನರನೊಬ್ಬ ಮಾಡಿಯಾನೆ ಎಂಬ ಟೇಲರನ ಪ್ರಶ್ನೆಗೆ ಝಾಯಸನಲ್ಲಿ ಉತ್ತರವಿಲ್ಲ. ಕಡಲ ತೀರದಲ್ಲಿ ಮರಳಿನಲ್ಲಿ ಹೂತ ಸ್ವಾತಂತ್ರ್ಯ ದೇವತೆಯ ವಿಗ್ರಹ ಕಂಡಾಗ ತಾನು ನಿಂತದ್ದು ಭೂಮಿಯ ಮೇಲೆಯೇ ಎಂದು ತಿಳಿದು ಟೇಲರ್ ಮೊಣಕಾಲೂರಿ ಕುಸಿಯುವುದು ಎಲ್ಲರಿಗೂ ಗೊತ್ತಿರುವ ದೃಶ್ಯ. ಅಣ್ವಸ್ತ್ರದ ಭಯ ಮನೆಮನೆಗೂ ಹೊಕ್ಕಿದ್ದ ಕಾಲದ ಚಿತ್ರವದು.

ವೇಷದ ವಿಷಯ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ವಾನರರ ಮುಖಗಳನ್ನು ಮಾಡಿದ ಜಾನ್ ಚೇಂಬರ್ಸ್ ಅವರು ಮೊದಲು ಯುದ್ಧದಲ್ಲಿ ಗಾಯಗೊಂಡು ಮುಖ ವಿರೂಪವಾದ ಸೈನಿಕರಿಗೆ ಕೃತಕ ಮೂಗು ಕಿವಿಗಳನ್ನು ಮಾಡಿಕೊಡುತ್ತಿದ್ದವರು. ಆ ವಿದ್ಯೆಯೇ ಇಲ್ಲಿ ಕೆಲಸಕ್ಕೆ ಬಂತು. ಪ್ರಸಾಧನಕ್ಕೆಂದು ಆಸ್ಕರ್ ಸಂಸ್ಥೆಯಲ್ಲಿ ಪ್ರತಿವರ್ಷದ ಬಹುಮಾನ ಆಗ ಇರಲಿಲ್ಲವಾಗಿ ಅವರಿಗೆ ವಿಶೇಷ ಗೌರವ ಸಲ್ಲಿಸಿದರು. ವೇಷ ಕಟ್ಟಲು ಮೂರು ನಾಲ್ಕು ಗಂಟೆ. ನಮ್ಮ ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷಧಾರಿ ಚಿಟ್ಟಿ ಇಟ್ಟುಕೊಳ್ಳುತ್ತ ತಾಸುಗಟ್ಟಲೆ ಅಲುಗದೆ ಕೂರುವುದನ್ನು ಕಂಡವರಿಗೆ ಆ ತಾಳ್ಮೆಯ ಬೆಲೆ ಗೊತ್ತು. ಊಟದ ವೇಳೆಯಲ್ಲಿ ಚಿಂಪಾಂಜಿ ವೇಷದವರು ಚಿಂಪಾಂಜಿಗಳೊಡನೆ, ಗೊರಿಲ್ಲಾ ವೇಷದವರು ಗೊರಿಲ್ಲಾಗಳೊಡನೆ ತಮಗರಿವಿಲ್ಲದೆಯೇ ಬೇರೆ ಬೇರೆ ಪಂಕ್ತಿ ಮಾಡಿ ಕೂರುತ್ತಿದ್ದರೆಂದು ಅದರಲ್ಲಿ ನಟಿಸಿದವರೇ ಹೇಳಿದ್ದಾರೆ. ಯಾರೂ ಹೇಳಿಕೊಡದಿದ್ದರೂ ಪಂಕ್ತಿಭೇದ!

ಪೆಟ್ಟಿಗೆಯೊಳಗೆ ವಾನರರು

ಚಿತ್ರ ಗೆದ್ದಿತು. 1970ರಿಂದ 1973ರವರೆಗೆ ವರ್ಷಕ್ಕೊಂದರಂತೆ ಮುಂದಿನ ನಾಲ್ಕು ಚಿತ್ರಗಳು ಬಂದವು. ಹಣ ಕಡಿಮೆಯಾಗುತ್ತ ಹೋಯಿತು, ಆದರೂ ಒಂದೆರಡು ಚೆನ್ನಾಗಿವೆ. ನಿರ್ಮಾಪಕ ಆರ್ಥರ್ ಜೇಕಬ್ಸ್ 1973ರಲ್ಲಿ ತೀರಿಕೊಂಡರು. ಅದೇ ವರ್ಷ ಸಿ.ಬಿ.ಎಸ್. ಟೆಲಿವಿಷನ್ ಸಂಸ್ಥೆ ಹಳೆಯ ಚಿತ್ರಗಳನ್ನು ಪ್ರಸಾರ ಮಾಡಿದಾಗ ಅಪಾರ ಜನ ನೋಡಿದರು. ಜನ ನೋಡುತ್ತಾರೆಂದ ಮೇಲೆ ವಾರವಾರವೂ ತೋರಿಸಿದರಾಯಿತು ಎಂಬ ಲೆಕ್ಕಾಚಾರ ಹುಟ್ಟಿತು. ಮುಖವಾಡಗಳು ಸಿದ್ಧವಿದ್ದವು, ಉಡುಗೆಗಳಿದ್ದವು, ಚಿತ್ರೀಕರಣದ ಬಯಲೂ ಇತ್ತು. 1974ರ ಸೆಪ್ಟೆಂಬರ್ 13ರಂದು ಶುಕ್ರವಾರ ರಾತ್ರಿ ಮೊದಲ ಕಂತು ಬಂತು.

ಇಲ್ಲಿ ಇಬ್ಬರು ಗಗನಯಾತ್ರಿಗಳು: ಹೆಂಡತಿ ಮಗನ ನೆನಪಿನಲ್ಲೇ ಇರುವ ವರ್ಡನ್ (ರಾನ್ ಹಾರ್ಪರ್), ಬಾಯಿ ಬಲವಿರುವ ಬರ್ಕ್ (ಜೇಮ್ಸ್ ನಾಟನ್). 1980ರಲ್ಲಿ ಹೊರಟ ಇವರ ನೌಕೆ ಕಾಲದ ಸುಳಿಗೆ ಸಿಕ್ಕಿ 3085ರಲ್ಲಿ ಬೀಳುತ್ತದೆ. ಅವರೊಡನೆ ಗೇಲನ್ ಎಂಬ ತರುಣ ಚಿಂಪಾಂಜಿ ಸೇರುತ್ತಾನೆ. ಗೇಲನನ ವೇಷದಲ್ಲಿ ರಾಡಿ ಮ್ಯಾಕ್‌ಡವಲ್. ಮೊದಲ ಚಿತ್ರದಲ್ಲಿ ಕೊರ್ನೀಲಿಯಸ್ ಆಗಿದ್ದವರು ಇವರೇ. ಅಟ್ಟಿಸಿಕೊಂಡು ಬರುವವನು ಉರ್ಕೊ ಎಂಬ ಗೊರಿಲ್ಲಾ ಸೇನಾಪತಿ. ಅವನಿಗೆ ಇವರು ಸತ್ತರೆ ಸಾಕು. ಝಾಯಸ್ ಎಂಬ ಹೆಸರಿನವನು ಇಲ್ಲಿಯೂ ಇದ್ದಾನೆ. ಅವನಿಗಾದರೆ ಕೊಲ್ಲುವ ಮೊದಲು ಇವರಿಂದ ಬಾಯಿಬಿಡಿಸಬೇಕು. ಹಿಡಿಯುವವನಿಗೂ ಕೇಳುವವನಿಗೂ ಇರುವ ಈ ಜಗಳ ಧಾರಾವಾಹಿಯ ಒಳ್ಳೆಯ ಅಂಶಗಳಲ್ಲಿ ಒಂದು.

ಗುಟ್ಟು ಎಂಬುದನ್ನು ಒಂದೇ ಸಲ ಹೇಳಬಹುದು. ತಾವು ಭೂಮಿಯಲ್ಲೇ ಇದ್ದೇವೆಂಬುದು ಇವರಿಗೆ ಮೊದಲ ಕಂತಿನಲ್ಲೇ ತಿಳಿಯುತ್ತದೆ. ಒಬ್ಬ ಮುದುಕ ಬಚ್ಚಿಟ್ಟಿದ್ದ ಹಳೆಯ ಪುಸ್ತಕದಲ್ಲಿ ನ್ಯೂಯಾರ್ಕ್ ನಗರದ ಚಿತ್ರವಿರುತ್ತದೆ. ಚಲಚ್ಚಿತ್ರ ಎಲ್ಲಿಗೆ ಹೋಗಿ ಮುಟ್ಟಿತೋ ಅಲ್ಲಿಂದಲೇ ಧಾರಾವಾಹಿ ಹೊರಡುತ್ತದೆ. ಹಾಗಾದರೆ ವಾರವಾರವೂ ಹೇಳುವುದೇನು? ಓಡುವುದು, ಒಂದು ಹಳ್ಳಿಗೆ ಬರುವುದು, ಅಲ್ಲಿ ಕಷ್ಟದಲ್ಲಿರುವವರಿಗೆ ಉಪಕಾರ ಮಾಡುವುದು, ಉರ್ಕೊ ಬರುವಷ್ಟರಲ್ಲಿ ಮತ್ತೆ ಓಡುವುದು. ಮುಂದಿನ ಶುಕ್ರವಾರ ಬೇರೆ ಹಳ್ಳಿ. ನಾಲ್ಕು ಕಂತು ನೋಡಿದ ಮೇಲೆ ಐದನೆಯದರ ಕೊನೆ ಹೇಗೆಂದು ಮನೆಯ ಮಕ್ಕಳೂ ಹೇಳಬಲ್ಲರು.

ಇಂಥ ಏರ್ಪಾಟಿನಲ್ಲಿ ಹಳ್ಳಿಯ ಮನುಷ್ಯರು ಮೂಕರಾಗಿದ್ದರೆ ಕಥೆ ನಡೆಯುವುದು ಹೇಗೆ? ದುಃಖ ಹೇಳಿಕೊಳ್ಳಬೇಕು, ಬೇಡಬೇಕು, ಹೆದರಬೇಕು, ಮೋಸ ಮಾಡಬೇಕು. ಅದಕ್ಕೆ ಮಾತು ಬೇಕೇ ಬೇಕು. ಆದ್ದರಿಂದ ಧಾರಾವಾಹಿಯವರು ಮನುಷ್ಯರಿಗೆ ಮಾತು ಕೊಟ್ಟರು. ಅನುಕೂಲಕ್ಕಾಗಿ ಮಾಡಿದ ಬದಲಾವಣೆಯೇ ಹೊರತು ದೊಡ್ಡ ಆಲೋಚನೆಯಿಂದ ಮಾಡಿದ್ದಾಗಿ ಕಾಣುವುದಿಲ್ಲ. ಇಲ್ಲಿನ ಮನುಷ್ಯ ಕಾಡುಪ್ರಾಣಿಯಲ್ಲ, ಒಕ್ಕಲಾಳು, ಜೀತದಾಳು. ವಾನರ ಅಧಿಕಾರಿಯ ಮುಂದೆ ತಲೆತಗ್ಗಿಸಿ ನಿಲ್ಲುತ್ತಾನೆ, ಕಾಣಿಕೆ ಒಪ್ಪಿಸುತ್ತಾನೆ, ಮೀನು ಹಿಡಿದುಕೊಡುತ್ತಾನೆ.

ಕೆಲವು ಕಂತುಗಳು ಬಹಳ ಸೊಗಸಾಗಿವೆ. ನಮಗೆ ಹೆಚ್ಚು ಹಿಡಿಸಿದ್ದು ಬೇಸಾಯದ ಒಂದು ಕಂತು. ಗೇಲನನ ಕಾಲಿಗೆ ಪೆಟ್ಟಾಗಿ ಮೂವರೂ ಒಬ್ಬ ಚಿಂಪಾಂಜಿ ಒಕ್ಕಲಿಗನ ಮನೆಯಲ್ಲಿ ಆಶ್ರಯ ಪಡೆಯುತ್ತಾರೆ. ಆ ಮನೆಯವರು ಒಳ್ಳೆಯ ಬೀಜವನ್ನು ತಿಂದು ಪೊಳ್ಳನ್ನು ಬಿತ್ತುವವರು. ಒಳ್ಳೆಯದನ್ನು ಬಿತ್ತನೆಗೆ ಇಡಬೇಕೆಂದು ರೈತನ ಮಗನಾದ ವರ್ಡನ್ ಹೇಳಿಕೊಡುತ್ತಾನೆ. ಮನೆಯ ಹಿರಿಮಗನಿಗೆ ಈ ಮನುಷ್ಯರು ಕಾಲಿಟ್ಟರೆ ತನ್ನ ಗಬ್ಬದ ದನಕ್ಕೆ ದೃಷ್ಟಿ ತಾಗೀತೆಂಬ ಭಯ. ಕೊನೆಗೆ ದನದ ಹೆರಿಗೆಗೆ ಅದೇ ಮನುಷ್ಯನ ಕೈ ಬೇಕಾಗುತ್ತದೆ; ಕರು ಒಂದಲ್ಲ, ಎರಡು. ಹಟ್ಟಿಯಲ್ಲಿ ರಾತ್ರಿ ದೀಪ ಹಿಡಿದು ಕರು ಹಾಕಿಸಿದ ಅನುಭವವಿದ್ದವರಿಗೆ ಇಂಥ ಕಂತಿನ ಮುಂದೆ ರಾಕೆಟ್ಟು, ಸ್ಫೋಟ ಎಲ್ಲ ಸಪ್ಪೆ. ಸಿನಿಮಾದ ಎರಡು ತಾಸಿನಲ್ಲಿ ವಾನರರ ಮನೆಯೊಳಗೆ ಹೋಗಿ ಕೂತುಕೊಳ್ಳುವಷ್ಟು ಪುರುಸೊತ್ತು ಇರಲಿಲ್ಲ. ಧಾರಾವಾಹಿಗೆ ಇತ್ತು. ಒಡೆಯರೆಂದರೆ ಎಲ್ಲರೂ ಝಾಯಸರಲ್ಲ, ಸಾಲದ ಕರುವಿಗಾಗಿ ನಿದ್ದೆಗೆಡುವ ಬಡ ಒಕ್ಕಲೂ ಅವರಲ್ಲಿ ಇದ್ದಾನೆಂಬುದು ಅಲ್ಲಿ ಗೊತ್ತಾಗುತ್ತದೆ.

ಇನ್ನೊಂದರಲ್ಲಿ ವರ್ಡನಿಗೆ ಗುಂಡು ತಗಲಿ ಶಸ್ತ್ರಚಿಕಿತ್ಸೆ ಆಗಬೇಕು. ಅದಕ್ಕೆ ಬೇಕಾದ ಹಳೆಯ ಮಾನವ ವೈದ್ಯಗ್ರಂಥ ಇರುವುದು ಝಾಯಸನ ವಶದಲ್ಲಿ. ಜನರಿಗೆ ನಿಷಿದ್ಧವಾದ ಪುಸ್ತಕವನ್ನು ತಾನು ಮಾತ್ರ ಇಟ್ಟುಕೊಂಡಿದ್ದಾನೆ! ಅದೇ ಕಂತಿನಲ್ಲಿ ಶಾಪಗ್ರಸ್ತಳೆಂದು ಎಲ್ಲರೂ ದೂರವಿಟ್ಟ ಒಬ್ಬ ಹುಡುಗಿ ಇದ್ದಾಳೆ. ಅವಳ ರಕ್ತ ಕೊಟ್ಟದ್ದರಿಂದ ಅವಳ ಅಣ್ಣ ಸತ್ತನೆಂಬುದು ಶಾಪದ ಕಾರಣ. ರಕ್ತದಲ್ಲಿ ಗುಂಪುಗಳಿವೆ, ಒಂದಕ್ಕೊಂದು ಸೇರದಿದ್ದರೆ ಪ್ರಾಣ ಹೋಗುತ್ತದೆಂಬುದು ಅಲ್ಲಿ ಯಾರಿಗೂ ತಿಳಿಯದು. ಮತ್ತೊಂದು ಕಂತಿನಲ್ಲಿ ಒಂದು ಹಳ್ಳಿಗೆ ಮಲೇರಿಯಾ ಹೊಡೆದು, ಸಿಂಕೋನ ಮರದ ತೊಗಟೆಯಿಂದ ಕ್ವಿನೈನ್ ತೆಗೆಯುತ್ತಾರೆ. ವಯನಾಡಿನ ಚಳಿಜ್ವರದ ಕಥೆಗಳನ್ನೂ ನೀಲಗಿರಿಯ ಸಿಂಕೋನ ತೋಟಗಳನ್ನೂ ಕೇಳಿಬಲ್ಲ ನಮ್ಮ ಹಿರಿಯರು ಇದನ್ನು ನೋಡಿದ್ದರೆ ಗಗನಯಾತ್ರಿಗಳ ತಪ್ಪುಗಳನ್ನು ತಿದ್ದುತ್ತಿದ್ದರೋ ಏನೋ.

ಆದರೆ ಇಲ್ಲಿಯೇ ನಮ್ಮ ಆಕ್ಷೇಪವೂ ಇರುವುದು. ಧಾರಾವಾಹಿಯ ಇಬ್ಬರು ನಾಯಕರು ಎಲ್ಲಿ ಹೋದರೂ ಕಲಿಸುವವರೇ; ಕಲಿಯುವವರಲ್ಲ. ಬೀಜ ಹೇಗಿಡಬೇಕು, ಬೇಲಿ ಹೇಗೆ ಹಾಕಬೇಕು, ಜ್ವರಕ್ಕೆ ಏನು ಕೊಡಬೇಕು, ಎಲ್ಲವೂ ಇವರಿಗೆ ಗೊತ್ತು. ನಾವೂ ಕಲಿಸುವವರೇ ಆದ್ದರಿಂದ ಈ ರೋಗದ ಲಕ್ಷಣ ನಮಗೆ ಬೇಗ ಗುರುತು ಸಿಗುತ್ತದೆ. ಸಾವಿರ ವರ್ಷ ವಾನರರ ಕೈಕೆಳಗೆ ಬದುಕಿ ಉಳಿದ ಜನರಿಗೆ ಬದುಕುವ ಉಪಾಯಗಳು ಇವರಿಗಿಂತ ಹೆಚ್ಚು ಗೊತ್ತಿರಬೇಡವೆ? ಚಲಚ್ಚಿತ್ರದ ಟೇಲರ್ ಹೀಗಲ್ಲ. ಅವನು ಹೊರಟಾಗ ಗರ್ವಿ, ಮನುಷ್ಯಕುಲವನ್ನೇ ತುಚ್ಛವಾಗಿ ಕಾಣುವವನು. ಬಟ್ಟೆ ಕಳೆದು, ಮಾತು ಕಳೆದು, ಕೊರಳಿಗೆ ಹಗ್ಗ ಬಿದ್ದು, ಕೊನೆಗೆ ಮನುಷ್ಯಕುಲದ ವಕೀಲನಾಗಿ ನಿಲ್ಲಬೇಕಾಗುತ್ತದೆ, ಅದೂ ಸೋತ ವಕೀಲನಾಗಿ. ವರ್ಡನ್, ಬರ್ಕ್ ಇಬ್ಬರೂ ಮೊದಲ ಕಂತಿನಲ್ಲಿ ಹೇಗಿದ್ದರೋ ಕೊನೆಯದರಲ್ಲೂ ಹಾಗೆಯೇ ಇದ್ದಾರೆ. ಬದಲಾಗುವವನು ಗೇಲನ್ ಒಬ್ಬ. ಮುದುಕನ ಪುಸ್ತಕದಿಂದ ಅವನ ತಲೆಯಲ್ಲಿ ಹುಟ್ಟಿದ ಸಂದೇಹ ಅವನ ಮನೆ, ನೌಕರಿ, ಬಂಧುಬಳಗ ಎಲ್ಲವನ್ನೂ ಬಿಡಿಸಿ ಊರೂರು ಅಲೆಯಿಸುತ್ತದೆ. ಧಾರಾವಾಹಿಯ ನಿಜವಾದ ನಾಯಕ ಅವನೇ. ಮ್ಯಾಕ್‌ಡವಲ್ ಅವರ ಅಭಿನಯವೂ ಹಾಗೆಯೇ ಇದೆ. ದಪ್ಪ ರಬ್ಬರಿನ ಮುಖದ ಅಡಿಯಿಂದ ನಾಚಿಕೆ, ಪುಕ್ಕಲುತನ, ತುಂಟತನ ಎಲ್ಲವೂ ಹೊರಗೆ ಕಾಣುತ್ತದೆ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಒಂದು ಒಳ್ಳೆಯ ಉದಾಹರಣೆ ಹಾರಾಟದ್ದು. ಚಲಚ್ಚಿತ್ರದಲ್ಲಿ ಮಾತು ಬಾರದ ಟೇಲರ್ ಕಾಗದ ಮಡಚಿ ವಿಮಾನ ಮಾಡಿ ಹಾರಿಸುತ್ತಾನೆ. ವಾನರ ವಿದ್ವಾಂಸರಿಗೆ ಹಾರಾಟವೆಂಬುದೇ ಅಸಂಭವ. ಝಾಯಸ್ ಅದನ್ನೆತ್ತಿಕೊಂಡು ಮುದುಡಿ ಹಾಕುತ್ತಾನೆ. ಮುಗಿಯಿತು, ಅರ್ಧ ನಿಮಿಷ. 1974ರ ಡಿಸೆಂಬರ್ 20ರಂದು ಪ್ರಸಾರವಾದ ಧಾರಾವಾಹಿಯ ಕೊನೆಯ ಕಂತಿನಲ್ಲಿ ಒಬ್ಬ ಮನುಷ್ಯ ರೆಕ್ಕೆ ಕಟ್ಟಿ ಹಾರುವ ಯಂತ್ರ ಮಾಡುತ್ತಾನೆ. ಒಬ್ಬ ಚಿಂಪಾಂಜಿ ವಿಜ್ಞಾನಿ ಅವನಿಗೆ ನೆರವಾಗುತ್ತಾಳೆ; ಆದರೆ ಅವಳ ಉದ್ದೇಶ ಅದರಿಂದ ಬಾಂಬು ಹಾಕಿ ಅಧಿಕಾರ ಹಿಡಿಯುವುದು. ವಿಚಾರ ಒಳ್ಳೆಯದೇ, ಬೆಳೆಸಿದ್ದೂ ಸರಿಯೇ. ಆದರೂ ಐವತ್ತು ನಿಮಿಷದ ಆ ಕಂತಿಗಿಂತ ಆ ಮುದುಡಿದ ಕಾಗದ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ.

ಒಂಬೈನೂರು ವರ್ಷಗಳ ನಡುವೆ

ಇನ್ನು ನಾವು ಮೊದಲಿಗೆ ಹೇಳಿದ ಮಾತಿನ ವಿಷಯ. ಇಸವಿಗಳನ್ನು ಗಮನಿಸಿ. ಧಾರಾವಾಹಿ ನಡೆಯುವುದು 3085ರಲ್ಲಿ, ಚಲಚ್ಚಿತ್ರ 3978ರಲ್ಲಿ. ನಡುವೆ ಸುಮಾರು ಒಂಬೈನೂರು ವರ್ಷ. ಅಂದರೆ ಧಾರಾವಾಹಿಯಲ್ಲಿ ಮಾತಾಡುತ್ತಿರುವ ಈ ಒಕ್ಕಲು ಮನುಷ್ಯರ ಮೊಮ್ಮಕ್ಕಳ ಮೊಮ್ಮಕ್ಕಳೇ ಚಲಚ್ಚಿತ್ರದ ಮೂಕ ಹಿಂಡು ಎಂದಾಯಿತು. ತಯಾರಿಸಿದವರು ಹೀಗೆ ಎಣಿಸಿ ಮಾಡಿದರೆಂದು ನಾವು ಹೇಳುವುದಿಲ್ಲ. ಈ ಚಿತ್ರಮಾಲೆಯಲ್ಲಿ ಒಂದಕ್ಕೊಂದು ತಾಳೆಯಾಗದ ಸಂಗತಿಗಳು ಬೇಕಷ್ಟಿವೆ. ಆದರೆ ನೋಡುವವನಿಗೆ ಲೆಕ್ಕ ಹಾಕುವ ಸ್ವಾತಂತ್ರ್ಯವಿದೆಯಲ್ಲ. ಹಾಗೆ ಲೆಕ್ಕ ಹಾಕಿದರೆ ಚಲಚ್ಚಿತ್ರ ಹೇಳದೆ ಬಿಟ್ಟ ಪ್ರಶ್ನೆಗೆ, ಮನುಷ್ಯ ಮಾತು ಕಳೆದುಕೊಂಡದ್ದು ಹೇಗೆ ಎಂಬುದಕ್ಕೆ, ಧಾರಾವಾಹಿ ತನಗರಿವಿಲ್ಲದೆಯೇ ಉತ್ತರದ ಮೊದಲ ಪುಟವನ್ನು ಬರೆದಿದೆ.

ಆ ಪುಟದಲ್ಲಿ ಏನಿದೆ? ಜನ ಮಾತಾಡುತ್ತಾರೆ. ಆದರೆ ಮಾತು ಮನೆಗೆ, ಗದ್ದೆಗೆ, ದಣಿಗಳ ಅಪ್ಪಣೆಗೆ 'ಆಗಬಹುದು' ಎನ್ನುವುದಕ್ಕೆ ಸೀಮಿತ. ತಮ್ಮ ಪೂರ್ವಜರ ಪುಸ್ತಕ ಇಟ್ಟುಕೊಳ್ಳುವುದು ಅಪರಾಧ. ಇಟ್ಟುಕೊಂಡ ಮುದುಕ ಅದನ್ನು ಬಚ್ಚಿಡುತ್ತಾನೆ. ಪಾಳುಬಿದ್ದ ನಗರದಲ್ಲಿ ಹಿಂದಿನ ಕಾಲದ ವಿಜ್ಞಾನಿಯೊಬ್ಬ ಮುಂದಿನವರಿಗೆಂದು ಹೇಳಿಟ್ಟುಹೋದ ಸಂದೇಶ ಒಂದು ಯಂತ್ರದಲ್ಲಿದೆ. ಅದನ್ನು ಪೂರ್ತಿ ಕೇಳಬೇಕಾದರೆ ಯಂತ್ರಕ್ಕೆ ಶಕ್ತಿ ಒದಗಿಸಬೇಕು, ಒದಗಿಸುವ ವಿದ್ಯೆ ಊರವರಿಗೆ ಮರೆತುಹೋಗಿದೆ. ಯಾರೂ ಯಾರ ನಾಲಿಗೆಯನ್ನೂ ಕೊಯ್ಯಲಿಲ್ಲ. ಬರಹ ಹೋಯಿತು, ಹಳೆಯ ಕಥೆ ಹೋಯಿತು, ಲೆಕ್ಕಪತ್ರ ದಣಿಗಳ ಕೈಗೆ ಹೋಯಿತು. ಉಳಿದ ಮಾತಿಗೆ ಕೆಲಸ ಕಡಿಮೆಯಾಗುತ್ತ ಬಂತು. ಎಷ್ಟನೆಯ ತಲೆಮಾರಿನಲ್ಲಿ ಕೊನೆಯ ಮಾತು ನಿಂತಿತೆಂದು ಯಾರೂ ಬರೆದಿಡಲಿಲ್ಲ, ಬರೆಯುವವರೇ ಇರಲಿಲ್ಲವಲ್ಲ.

ಮನೆಯಲ್ಲಿ ಕನ್ನಡ ಚೆನ್ನಾಗಿಯೇ ಆಡುವ, ಆದರೆ ಅಜ್ಜ ಬರೆದಿಟ್ಟ ಕಾಗದವನ್ನು ಓದಲು ಬಾರದ ಮಕ್ಕಳು ನಮ್ಮ ನೆಂಟರಿಷ್ಟರಲ್ಲಿ ಹಲವರಿದ್ದಾರೆ. ಬಹಳ ಜಾಣ ಮಕ್ಕಳು, ಮಲಯಾಳ ಇಂಗ್ಲಿಷ್ ಎರಡರಲ್ಲೂ ಮುಂದು. ಅವರ ಮೇಲೆ ನಮಗೆ ದೂರಿಲ್ಲ. 3085ರ ಆ ಮುದುಕನನ್ನು ನೋಡುವಾಗ ಅವರ ನೆನಪಾಯಿತು, ಅಷ್ಟೆ.

ಈ ಚಿತ್ರಮಾಲೆಯನ್ನು ಮುಂದುವರಿಸಿದವರಿಗೂ ಮಾತಿನ ಪ್ರಶ್ನೆಯೇ ಮುಖ್ಯವಾಗಿ ಕಂಡಿತು. 2011ರ ಹೊಸ ಚಿತ್ರದಲ್ಲಿ ಸೀಸರ್ ಎಂಬ ಚಿಂಪಾಂಜಿ ಮೊದಲ ಸಲ ಬಾಯಿಬಿಟ್ಟು ಹೇಳುವುದು 'ಇಲ್ಲ' ಎಂಬ ಒಂದೇ ಶಬ್ದ. 2017ರದರಲ್ಲಿ ಒಂದು ಸೋಂಕಿನಿಂದ ಮನುಷ್ಯರ ಮಾತು ನಿಂತುಹೋಗುತ್ತದೆ. ಸೋಂಕಿನ ಕಾರಣ ವೈಜ್ಞಾನಿಕವಾಗಿ ಕೇಳಿಸುತ್ತದೆ, ನಿಜ. ನಮಗೆ ಆ ಮುದುಕನ ಬಚ್ಚಿಟ್ಟ ಪುಸ್ತಕವೇ ಹೆಚ್ಚು ನಂಬುವಂಥ ಕಾರಣವಾಗಿ ತೋರುತ್ತದೆ.

ಧಾರಾವಾಹಿ ಸೋತದ್ದೇಕೆ ಎಂದು ಕೇಳಿದರೆ ಉತ್ತರ ಸರಳ. ಅದೇ ಹೊತ್ತಿಗೆ ಇನ್ನೊಂದು ಸಂಸ್ಥೆಯಲ್ಲಿ ಜನಪ್ರಿಯ ಹಾಸ್ಯ ಕಾರ್ಯಕ್ರಮಗಳು ಬರುತ್ತಿದ್ದವು. ವಾರದ ಕೊನೆಗೆ ಮನೆಮಂದಿ ನಗಲು ಅತ್ತ ಹೋದರು. ವಾನರವೇಷಕ್ಕೆ ಖರ್ಚು ಜಾಸ್ತಿ. ತಯಾರಾದದ್ದು ಹದಿನಾಲ್ಕು ಕಂತು, ಅಮೆರಿಕದಲ್ಲಿ ಆಗ ಪ್ರಸಾರವಾದದ್ದು ಹದಿಮೂರೇ. ಇಂಗ್ಲೆಂಡಿನಲ್ಲಿ ಮಾತ್ರ ಜನ ಮೆಚ್ಚಿ ನೋಡಿದರು. ಮರುವರ್ಷ, 1975ರಲ್ಲಿ, ಬೇರೊಂದು ಸಂಸ್ಥೆ ಹದಿಮೂರು ಕಂತುಗಳ ವ್ಯಂಗ್ಯಚಿತ್ರಮಾಲೆ ಮಾಡಿತು. ಅದರಲ್ಲಿ ವಾನರರಿಗೆ ಮೋಟಾರು ಕಾರೂ ಇದೆ, ಟೆಲಿವಿಷನ್ನೂ ಇದೆ. ಬುಲ್ ಅವರ ಕಾದಂಬರಿಯಲ್ಲಿ ಇದ್ದದ್ದೂ ಅಂಥ ಆಧುನಿಕ ನಗರವೇ. ಮೊದಲ ಚಿತ್ರದವರು ಖರ್ಚಿಗೆ ಹೆದರಿ ಕಲ್ಲುಮಣ್ಣಿನ ಊರು ಮಾಡಿದ್ದರು. ಬಣ್ಣ ಬಳಿಯುವುದಕ್ಕೆ ಖರ್ಚಿಲ್ಲವಾದ್ದರಿಂದ ವ್ಯಂಗ್ಯಚಿತ್ರದವರಿಗೆ ಮೂಲನಿಷ್ಠೆ ಸಾಧ್ಯವಾಯಿತು.

ಮಕ್ಕಳೊಡನೆ ಕೂತು ನೋಡುವ ಮನಸ್ಸಿದ್ದವರು ಚಲಚ್ಚಿತ್ರವನ್ನೇ ಮೊದಲು ನೋಡುವುದು ಒಳ್ಳೆಯದು. ಇಲ್ಲವಾದರೆ ಕಡಲತೀರದ ಗುಟ್ಟು ಹಾಳಾಗುತ್ತದೆ. ಧಾರಾವಾಹಿಯ ಹದಿನಾಲ್ಕನ್ನೂ ನೋಡಬೇಕೆಂದಿಲ್ಲ. ಮೊದಲನೆಯದು, ಬೀಜದ್ದು, ಶಸ್ತ್ರವೈದ್ಯೆಯದು, ಆಮೇಲೆ ಉರ್ಕೊ ಮತ್ತು ಬರ್ಕ್ ಇಬ್ಬರೂ ಭೂಕಂಪದಲ್ಲಿ ಹಳೆಯ ಸುರಂಗ ರೈಲು ನಿಲ್ದಾಣದೊಳಗೆ ಒಟ್ಟಿಗೆ ಸಿಕ್ಕಿಬೀಳುವ ಒಂದು ಕಂತಿದೆ, ಅದು. ಆ ನಿಲ್ದಾಣದ ಗೋಡೆಯಲ್ಲಿ ಮೃಗಾಲಯದ ಹಳೆಯ ಜಾಹೀರಾತು ಅಂಟಿಸಿದ್ದಾರೆ. ಅದರಲ್ಲಿ ಪಂಜರದೊಳಗಿನ ಗೊರಿಲ್ಲಾದ ಚಿತ್ರ. ಅದನ್ನು ನೋಡಿದ ಉರ್ಕೊನ ಮುಖ ನೋಡಬೇಕು.

1981ರಲ್ಲಿ ಈ ಕಂತುಗಳನ್ನೇ ಎರಡೆರಡು ಜೋಡಿಸಿ ಐದು ಟೆಲಿವಿಷನ್ ಚಿತ್ರಗಳನ್ನಾಗಿ ಮಾಡಿ ಅಲ್ಲಿನ ಕೆಲವು ಕೇಂದ್ರಗಳು ಮತ್ತೆ ತೋರಿಸಿದವು. ಅದಕ್ಕಾಗಿ ಮ್ಯಾಕ್‌ಡವಲ್ ಮತ್ತೊಮ್ಮೆ ವೇಷ ಕಟ್ಟಿ, ವಯಸ್ಸಾದ ಗೇಲನ್ ಆಗಿ ಬಂದು ಮುನ್ನುಡಿ ಹಿನ್ನುಡಿ ಹೇಳಿದರು. ಗೆಳೆಯರಿಬ್ಬರಿಗೆ ಬೇಕಾಗಿದ್ದ ಗಣಕಯಂತ್ರ ಕಡೆಗೂ ಒಂದು ನಗರದಲ್ಲಿ ಸಿಕ್ಕಿತು, ಬಂದಷ್ಟೇ ಹಠಾತ್ತಾಗಿ ಅವರು ಆಕಾಶಕ್ಕೆ ಹೊರಟುಹೋದರು ಎಂದು ಅವನು ತಿಳಿಸುತ್ತಾನೆ. ಗೇಲನ್ ಹೋಗಲಿಲ್ಲ; ಆ ಊರಿನಲ್ಲೇ ಉಳಿದು ಅವರ ಕಥೆಯನ್ನು ಹೇಳುತ್ತಿದ್ದಾನೆ.